ಕೂರಲಾಗದವರ ಚರಿತ್ರೆ: ಮೂಲವ್ಯಾಧಿ ಮದ್ದಿನ ಹಳೇ ದಾರಿ

ನಮ್ಮ ತಾಲ್ಲೂಕು ಬಸ್ ಸ್ಟ್ಯಾಂಡಿನ ಮೂತ್ರಾಲಯದ ಗೋಡೆಯನ್ನು ನೀವೂ ನೋಡಿರುತ್ತೀರಿ. ನಿಮ್ಮ ತಾಲ್ಲೂಕಿನಲ್ಲೂ ಅಂಥದ್ದೊಂದು ಇದ್ದೇ ಇರುತ್ತದೆ. ಕೆಂಪು ಬಣ್ಣದಲ್ಲಿ 'ಮೂಲವ್ಯಾಧಿ, ಭಗಂದರ, ಫಿಶರ್', ಅದರ ಕೆಳಗೆ 'ಆಪರೇಷನ್ ಇಲ್ಲ, ಒಂದೇ ದಿನ, ಗ್ಯಾರಂಟಿ', ಕೊನೆಗೊಂದು ಫೋನ್ ನಂಬರ್. ಡಾಕ್ಟರ ಹೆಸರಿಲ್ಲ, ಓದಿದ್ದೇನು ಅಂತಿಲ್ಲ.

ನಮ್ಮ ದೊಡ್ಡಪ್ಪ ಆ ನಂಬರಿಗೆ ಫೋನ್ ಮಾಡಿದವರಲ್ಲಿ ಒಬ್ಬರು.

ಅದಕ್ಕೂ ಮುಂಚೆ ಎರಡು ವರ್ಷ ಅವರಿಗೆ ರಕ್ತ ಹೋಗುತ್ತಿತ್ತು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ದೊಡ್ಡಮ್ಮನಿಗೆ ಪಂಚೆ ಒಗೆಯುವಾಗ ಗೊತ್ತಾಯಿತು. ಕೇಳಿದರೆ, 'ಉಷ್ಣ ಕಣೇ, ಎಳನೀರು ಕುಡಿದ್ರೆ ಹೋಗ್ತದೆ' ಅಂದರು. ಜಗಲಿ ಮೇಲೆ ಒಂದೇ ಮಗ್ಗುಲಲ್ಲಿ ಕೂರುತ್ತಿದ್ದರು. ಮದುವೆ ಊಟಕ್ಕೆ ಪಂಕ್ತಿಯಲ್ಲಿ ಕೂರುವುದನ್ನು ಬಿಟ್ಟರು. ಕೊನೆಗೆ ಒಂದು ದಿನ ಯಾರಿಗೂ ಹೇಳದೆ ಹೋಗಿ, ಆ ಗೋಡೆಯ ನಂಬರಿನವನ ಹತ್ತಿರ ಇಂಜೆಕ್ಷನ್ ಹಾಕಿಸಿಕೊಂಡು ಬಂದರು. ಒಂದು ವಾರದಲ್ಲಿ ಆ ಜಾಗ ಕೊಳೆತು ಹುಣ್ಣಾಯಿತು. ಅವರು ಆಮೇಲೆ ಏನಾದರು ಅನ್ನುವುದನ್ನು ಕೊನೆಯಲ್ಲಿ ಹೇಳುತ್ತೇನೆ.

ಆ ಇಂಜೆಕ್ಷನ್ ಯಾವುದು, ಅಂಥದ್ದು ಎಲ್ಲಿಂದ ಬಂತು ಅಂತ ಹುಡುಕಲು ಹೋಗಿ ನಾನು ಈ ರೋಗದ ಚರಿತ್ರೆಯೊಳಗೆ ಬಿದ್ದೆ. ಹೊರಗೆ ಬರಲು ಬಹಳ ದಿನ ಹಿಡಿಯಿತು. ರಾಜರು, ಸಂತರು, ಊರೂರು ಸುತ್ತುವ ಮದ್ದಿನವರು, ಎಲ್ಲರೂ ಇದರೊಳಗೆ ಇದ್ದಾರೆ.

ಮೊದಲು ಹೆಸರಿನ ವಿಷಯ. ಸಂಸ್ಕೃತದಲ್ಲಿ ಇದಕ್ಕೆ 'ಅರ್ಶಸ್' ಅಂತಾರೆ. 'ಅರಿ' ಎಂದರೆ ಶತ್ರು. ಶತ್ರುವಿನ ಹಾಗೆ ಹಿಂಸೆ ಕೊಡುವುದರಿಂದ ಈ ಹೆಸರು ಎಂದು ವಾಗ್ಭಟ ವಿವರಿಸುತ್ತಾನೆ. ಅಲ್ಲೇ ಇದನ್ನು 'ಮಾಂಸಕೀಲ' ಎಂದೂ ಕರೆಯುತ್ತಾನೆ. ಕೀಲ ಅಂದರೆ ಗೂಟ, ಮೊಳೆ. ನಮ್ಮ ಹಳ್ಳಿಯ ಹಿರಿಯರು ಈಗಲೂ ಇದನ್ನು 'ಮೊಳೆ ರೋಗ' ಅನ್ನುತ್ತಾರಲ್ಲ, ಅದಕ್ಕೂ ಇದಕ್ಕೂ ಎಷ್ಟು ಹತ್ತಿರ ನೋಡಿ. ಪುಸ್ತಕ ಓದದ ಅಜ್ಜಿಯ ಬಾಯಲ್ಲೂ ವಾಗ್ಭಟನ ಬಾಯಲ್ಲೂ ಒಂದೇ ಹೋಲಿಕೆ.

ಸುಶ್ರುತ ಸಂಹಿತೆ ಸುಮಾರು ಎರಡು ಸಾವಿರ ವರ್ಷ ಹಳೆಯದು. ಅದರಲ್ಲಿ ಮೂಲವ್ಯಾಧಿಗೆ ನಾಲ್ಕು ದಾರಿ ಹೇಳಿದೆ: ಔಷಧಿ, ಕ್ಷಾರ, ಬೆಂಕಿ, ಶಸ್ತ್ರ. ರೋಗ ಹೊಸದಾಗಿ, ಸಣ್ಣದಾಗಿ ಇದ್ದರೆ ಔಷಧಿ ಸಾಕು. ಮೆತ್ತಗೆ ಹರಡಿ ಆಳದಲ್ಲಿ ಇದ್ದರೆ ಕ್ಷಾರ. ಗಟ್ಟಿಯಾಗಿ ಒರಟಾಗಿ ದಪ್ಪಗಿದ್ದರೆ ಸುಡಬೇಕು. ಬುಡ ಸಣ್ಣಗಿದ್ದು ಹೊರಗೆ ಚಾಚಿಕೊಂಡಿದ್ದರೆ ಕತ್ತರಿಸಬೇಕು. ಅಂದರೆ ಎಲ್ಲ ಮೂಲವ್ಯಾಧಿಗೂ ಒಂದೇ ಮದ್ದಲ್ಲ ಎಂಬ ತಿಳಿವಳಿಕೆ ಆಗಲೇ ಇತ್ತು. ಇವತ್ತಿನ ಸರ್ಜನ್ನರೂ ಇದನ್ನು ನಾಲ್ಕು ಹಂತವಾಗಿಯೇ ನೋಡುತ್ತಾರೆ. ಒಳಗೇ ಇದ್ದು ರಕ್ತ ಬರುವುದು ಮೊದಲನೆಯದು. ಮುಕ್ಕಿದಾಗ ಹೊರಗೆ ಬಂದು ತಾನಾಗಿಯೇ ಒಳಗೆ ಹೋಗುವುದು ಎರಡನೆಯದು. ಬೆರಳಿನಿಂದ ಒಳಗೆ ತಳ್ಳಬೇಕಾದದ್ದು ಮೂರನೆಯದು. ಒಳಗೆ ಹೋಗದೇ ಹೊರಗೇ ಉಳಿಯುವುದು ನಾಲ್ಕನೆಯದು. ಹಂತ ನೋಡಿ ಚಿಕಿತ್ಸೆ.

ಸುಶ್ರುತನ ಆ ಅಧ್ಯಾಯ ಓದಿದರೆ ಆಪರೇಷನ್ ಥಿಯೇಟರಿನ ಒಳಗೆ ನಿಂತು ನೋಡಿದ ಹಾಗಾಗುತ್ತದೆ. ರೋಗಿಯನ್ನು ಅಂಗಾತ ಮಲಗಿಸಬೇಕು, ತಲೆ ಇನ್ನೊಬ್ಬರ ತೊಡೆಯ ಮೇಲೆ ಇರಬೇಕು, ಸೊಂಟ ಎತ್ತರದಲ್ಲಿರಬೇಕು, ಕಾಲುಗಳನ್ನು ಬಟ್ಟೆಯಲ್ಲಿ ಕಟ್ಟಿ ಅಲುಗಾಡದ ಹಾಗೆ ಹಿಡಿಯಬೇಕು. ತುಪ್ಪ ಸವರಿದ ಯಂತ್ರವೊಂದನ್ನು ನಿಧಾನವಾಗಿ ಒಳಗೆ ಬಿಡಬೇಕು. ಆ ಯಂತ್ರ ಹಸುವಿನ ಮೊಲೆಯ ಆಕಾರದ್ದು, ನಾಲ್ಕು ಅಂಗುಲ ಉದ್ದ. ಗಂಡಸರಿಗೆ ಸುತ್ತಳತೆ ಐದು ಅಂಗುಲ, ಹೆಂಗಸರಿಗೆ ಆರು. ನೋಡುವುದಕ್ಕೆ ಒಂದು ಬಗೆ, ಚಿಕಿತ್ಸೆ ಮಾಡುವುದಕ್ಕೆ ಇನ್ನೊಂದು ಬಗೆ. ಈಗ ಆಸ್ಪತ್ರೆಯಲ್ಲಿ ಬಳಸುವ ಪ್ರಾಕ್ಟೋಸ್ಕೋಪ್ ಎಂಬ ಕೊಳವೆಯನ್ನು ನೋಡಿದವರಿಗೆ ಇದು ಅದರ ಮುತ್ತಜ್ಜ ಅಂತ ತಕ್ಷಣ ಗೊತ್ತಾಗುತ್ತದೆ.

ಕ್ಷಾರ ಹಚ್ಚಿ, ಬಾಯಲ್ಲಿ ನೂರು ಎಣಿಸುವಷ್ಟು ಹೊತ್ತು ಬಿಡಬೇಕು. ಆಮೇಲೆ ಒರೆಸಿ ನೋಡಬೇಕು. ಮೊಳೆ ಹಣ್ಣಾದ ನೇರಳೆ ಬಣ್ಣಕ್ಕೆ ತಿರುಗಿದ್ದರೆ ಸಾಕು, ತೊಳೆಯಬೇಕು. ಆಮೇಲೆ ರೋಗಿಯನ್ನು ಬಿಸಿನೀರಿನಲ್ಲಿ ಕೂರಿಸಬೇಕು. ಹಲವು ಮೊಳೆ ಇದ್ದರೆ ಎಲ್ಲವನ್ನೂ ಒಂದೇ ದಿನ ಮುಟ್ಟಕೂಡದು, ಏಳೇಳು ದಿನ ಬಿಟ್ಟು ಒಂದೊಂದಕ್ಕೇ ಮಾಡಬೇಕು. 'ಒಂದೇ ದಿನ, ಗ್ಯಾರಂಟಿ' ಎಂದು ಬರೆಯುವವರು 'ಪುರಾತನ ಆಯುರ್ವೇದ' ಅಂತಲೂ ಜೊತೆಗೆ ಬರೆದುಕೊಳ್ಳುತ್ತಾರಲ್ಲ, ಅವರು ಈ ಸಾಲಿನವರೆಗೆ ಓದಿಲ್ಲ.

ಚರಕ ಇನ್ನೂ ಹುಷಾರಿನ ಮನುಷ್ಯ. ಕೆಲವರು ಕತ್ತರಿಸುತ್ತಾರೆ, ಸುಡುತ್ತಾರೆ, ಕ್ಷಾರ ಹಚ್ಚುತ್ತಾರೆ. ಅದನ್ನು ತಿಳಿದವರು ಮಾತ್ರ ಮಾಡಬೇಕು ಎನ್ನುತ್ತಾನೆ. ತಪ್ಪಿದರೆ ಗಂಡಸುತನ ಹೋಗಬಹುದು, ಊತ, ವಿಪರೀತ ನೋವು, ರಕ್ತಸ್ರಾವ ಆಗಬಹುದು, ರೋಗ ಮತ್ತೆ ಮರುಕಳಿಸಬಹುದು, ಸಾವೂ ಬರಬಹುದು ಎಂದು ಪಟ್ಟಿ ಕೊಡುತ್ತಾನೆ. ತನ್ನ ಪಾಲಿಗೆ ಅವನು ಮೆಚ್ಚುವುದು ಮಜ್ಜಿಗೆಯನ್ನು. ಮೂಲವ್ಯಾಧಿಗೆ ಮಜ್ಜಿಗೆಯನ್ನು ಅವನಷ್ಟು ಹೊಗಳಿದವರು ಇಲ್ಲ. ಇನ್ನೊಂದು, ನಮ್ಮ ಹಿತ್ತಲಲ್ಲೇ ಬೆಳೆಯುವ ಸುವರ್ಣಗಡ್ಡೆ. ಸಂಸ್ಕೃತದಲ್ಲಿ ಅದರ ಒಂದು ಹೆಸರೇ 'ಅರ್ಶೋಘ್ನ', ಅಂದರೆ ಮೂಲವ್ಯಾಧಿಯನ್ನು ಕೊಲ್ಲುವುದು. ಹೆಸರು ದೊಡ್ಡದು. ಗಡ್ಡೆ ತಿಂದ ಮಾತ್ರಕ್ಕೆ ಹೊರಬಂದ ಮೊಳೆ ಒಳಗೆ ಹೋಗುವುದಿಲ್ಲ. ನಾರಿನಂಶ ಇರುವ ತರಕಾರಿ ಅದು, ಹುಳಿ ಹಾಕಿ ಬೇಯಿಸಿ ತಿನ್ನಿ, ಅಷ್ಟೇ.

ಅದೇ ಕಾಲದ ಆಚೀಚೆ ಗ್ರೀಸ್ ದೇಶದಲ್ಲಿ ಹಿಪೊಕ್ರಟಿಸನ ಹೆಸರಿನಲ್ಲಿರುವ ಗ್ರಂಥಗಳಲ್ಲೂ ಈ ರೋಗಕ್ಕೇ ಒಂದು ಪುಸ್ತಿಕೆ ಇದೆ. ಅಲ್ಲಿಯೂ ಕಾಯಿಸಿದ ಕಬ್ಬಿಣದಿಂದ ಸುಡುವುದೇ ಮುಖ್ಯ ಮಾತು. ಮಧ್ಯಯುಗದ ಯೂರೋಪಿನಲ್ಲಿ ವೈದ್ಯರಿಗಿಂತ ಸಂತರ ಮೇಲೆ ಭರವಸೆ ಹೆಚ್ಚಿತ್ತು. 7ನೇ ಶತಮಾನದಲ್ಲಿ ಐರ್ಲೆಂಡಿನಿಂದ ಫ್ರಾನ್ಸಿಗೆ ಹೋಗಿ ನೆಲೆಸಿದ ಫಿಯಾಕರ್ ಎಂಬ ಸಂತ ತೋಟದ ಕೆಲಸದವರ ದೇವರು, ಮೂಲವ್ಯಾಧಿಯವರಿಗೂ ಅವನೇ ದೇವರು. ಅವನು ಕೂತ ಕಲ್ಲು ಮೆತ್ತಗಾಗಿ ಅವನ ಗುರುತು ಮೂಡಿತಂತೆ, ಆ ಕಲ್ಲಿನ ಮೇಲೆ ಕೂತರೆ ವಾಸಿ ಅಂತ ಜನ ಹೋಗುತ್ತಿದ್ದರು. ತೋಟದವರಿಗೂ ಮೂಲವ್ಯಾಧಿಯವರಿಗೂ ಒಬ್ಬನೇ ದೇವರು ಯಾಕೆ ಎಂದು ದಿನವಿಡೀ ಕುಕ್ಕರಗಾಲಲ್ಲಿ ಕೂತು ಕಳೆ ಕಿತ್ತವರನ್ನು ಕೇಳಬೇಕು.

ಲಂಡನ್ನಿನಲ್ಲಿ 1835ರಲ್ಲಿ ಫ್ರೆಡರಿಕ್ ಸಾಲ್ಮನ್ ಎಂಬ ಸರ್ಜನ್ ಏಳು ಹಾಸಿಗೆಯ ಪುಟ್ಟ ಆಸ್ಪತ್ರೆ ತೆರೆದರು. ಬಡವರ ಗುದದ ರೋಗಗಳಿಗೆಂದೇ ಇದ್ದ ಆಸ್ಪತ್ರೆ ಅದು. ಮಾನವಂತರು ಬಾಯಲ್ಲಿ ಹೇಳಲು ನಾಚುವ ರೋಗಕ್ಕೆ ಬೋರ್ಡು ಹಾಕಿ ಆಸ್ಪತ್ರೆ ಮಾಡುವುದಕ್ಕೆ ಧೈರ್ಯ ಬೇಕಿತ್ತು. ಅದೇ ಆಮೇಲೆ ಸೇಂಟ್ ಮಾರ್ಕ್ಸ್ ಆಸ್ಪತ್ರೆ ಆಯಿತು. ಪ್ರಸಿದ್ಧ ಕಾದಂಬರಿಕಾರ ಚಾರ್ಲ್ಸ್ ಡಿಕೆನ್ಸ್‌ಗೆ 1841ರಲ್ಲಿ ಭಗಂದರದ ಆಪರೇಷನ್ ಮಾಡಿದವರು ಇದೇ ಸಾಲ್ಮನ್. ಆಗ ಅರಿವಳಿಕೆ ಇರಲಿಲ್ಲ. ಈಥರ್ ಬಂದದ್ದು 1846ರಲ್ಲಿ. ಅದೇ ಆಸ್ಪತ್ರೆಯ ಮಿಲಿಗನ್ ಮತ್ತು ಮಾರ್ಗನ್ 1937ರಲ್ಲಿ ಪ್ರಕಟಿಸಿದ ಆಪರೇಷನ್ ವಿಧಾನವನ್ನು ನಮ್ಮ ಜಿಲ್ಲಾಸ್ಪತ್ರೆಗಳಲ್ಲಿ ಇವತ್ತಿಗೂ ಮಾಡುತ್ತಾರೆ.

ಈಗ ಇಂಜೆಕ್ಷನ್ ಕಥೆಗೆ ಬರೋಣ. ಇದೇ ನನಗೆ ಬೇಕಾಗಿದ್ದ ಭಾಗ.

1871ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಕ್ಲಿಂಟನ್ ಎಂಬ ಸಣ್ಣ ಊರಿನಲ್ಲಿ ಮಿಚೆಲ್ ಎಂಬಾತ ಕಾರ್ಬಾಲಿಕ್ ಆಮ್ಲವನ್ನು ಆಲಿವ್ ಎಣ್ಣೆಯಲ್ಲಿ ಬೆರೆಸಿ ಮೊಳೆಗಳಿಗೆ ಚುಚ್ಚಲು ಶುರು ಮಾಡಿದ. ಕಾರ್ಬಾಲಿಕ್ ಆಮ್ಲ ಅಂದರೆ ಫಿನಾಲ್. ಒಂದು ಪಾಲು ಆಮ್ಲಕ್ಕೆ ಎರಡು ಪಾಲು ಎಣ್ಣೆ, ಬಹಳ ತೀಕ್ಷ್ಣ. ಎಷ್ಟೋ ಜನರಿಗೆ ಗುಣ ಆಯಿತು. ಸುದ್ದಿ ಹಬ್ಬಿತು. ಆದರೆ ಮಿಶ್ರಣ ಏನೆಂದು ಅವನು ಬಿಟ್ಟುಕೊಡಲಿಲ್ಲ. ಆ ಗುಟ್ಟನ್ನು ದುಡ್ಡಿಗೆ ಮಾರಿದ. ಕೊಂಡವರು ಮತ್ತೊಬ್ಬರಿಗೆ ಮಾರಿದರು. ವೈದ್ಯ ಓದದವರೂ ಸಿರಿಂಜ್ ಹಿಡಿದು ಊರೂರು ಸುತ್ತತೊಡಗಿದರು. ಜನ ಅವರನ್ನು 'ಪೈಲ್ಸ್ ಡಾಕ್ಟರ್' ಎಂದು ಕರೆದರು. ಒಂದು ಊರಿನಲ್ಲಿ ನಾಲ್ಕು ದಿನ ಇದ್ದು, ದುಡ್ಡು ಎಣಿಸಿಕೊಂಡು, ಹುಣ್ಣಾಗುವ ಹೊತ್ತಿಗೆ ಮುಂದಿನ ಊರಿಗೆ.

ಶಿಕಾಗೋದ ಎಡ್ಮಂಡ್ ಆಂಡ್ರ್ಯೂಸ್ ಎಂಬ ಸರ್ಜನ್ ಈ ಗುಟ್ಟನ್ನು ಪತ್ತೆ ಮಾಡಿ ಬಯಲು ಮಾಡಿದರು. ಅಷ್ಟಕ್ಕೇ ಬಿಡದೆ, ಎಲ್ಲ ಕಡೆಯಿಂದ ಲೆಕ್ಕ ತರಿಸಿದರು. 1879ರ ಹೊತ್ತಿಗೆ 3,300ಕ್ಕೂ ಹೆಚ್ಚು ಜನರ ಮಾಹಿತಿ ಅವರ ಹತ್ತಿರ ಇತ್ತು. 13 ಸಾವು. ಹಲವರಿಗೆ ತಡೆಯಲಾರದ ನೋವು, ಮಾಂಸ ಕೊಳೆತು ಉದುರಿದ್ದು, ವಿಪರೀತ ರಕ್ತಸ್ರಾವ. ಬಹುಪಾಲು ಜನ ಉಳಿದುಕೊಂಡಿದ್ದರು, ಎಷ್ಟೋ ಮಂದಿಗೆ ಗುಣವೂ ಆಗಿತ್ತು. ಇಂಥ ವೈದ್ಯ ಬಾಳುವುದೇ ಹೀಗೆ. ಹತ್ತರಲ್ಲಿ ಎಂಟು ಜನಕ್ಕೆ ವಾಸಿಯಾದರೆ ಆ ಎಂಟು ಜನ ಊರೆಲ್ಲ ಹೇಳುತ್ತಾರೆ. ಉಳಿದ ಇಬ್ಬರು ನಾಚಿಕೆಯಿಂದ ಬಾಯಿ ಬಿಡುವುದಿಲ್ಲ.

ಆಂಡ್ರ್ಯೂಸ್ ಲೆಕ್ಕದಿಂದ ಮದ್ದೇ ಸತ್ತುಹೋಗಲಿಲ್ಲ, ಅದೂ ಹೇಳಬೇಕು. ಆಮ್ಲದ ಪ್ರಮಾಣ ಇಳಿಸಿ, ಬಾದಾಮಿ ಎಣ್ಣೆಯಲ್ಲಿ 5% ಫಿನಾಲ್ ಮಾಡಿ, ಎಲ್ಲಿ ಎಷ್ಟು ಚುಚ್ಚಬೇಕೆಂದು ಗೊತ್ತುಮಾಡಿಕೊಂಡ ಮೇಲೆ ಅದೇ ಇಂಜೆಕ್ಷನ್ ಆಸ್ಪತ್ರೆಯ ಒಳಗೆ ಬಂತು. ಸಣ್ಣ ಹಂತದ, ರಕ್ತ ಬರುವ ಮೂಲವ್ಯಾಧಿಗೆ ಈಗಲೂ ಕೊಡುತ್ತಾರೆ. ಇಂಜೆಕ್ಷನ್ ಅಂದರೇ ಮೋಸ ಅಂತಲ್ಲ. ಯಾರ ಕೈ, ಯಾವ ಮದ್ದು, ಎಷ್ಟು, ಎಲ್ಲಿಗೆ ಎಂಬುದೇ ಪ್ರಶ್ನೆ. ದೊಡ್ಡಪ್ಪನಿಗೆ ಹಾಕಿದ್ದು ಏನೆಂದು ಕೊನೆಗೂ ಗೊತ್ತಾಗಲಿಲ್ಲ. ಚೀಟಿ ಕೊಟ್ಟಿರಲಿಲ್ಲ.

ನಮ್ಮ ದೇಶದಲ್ಲೇ ಆದ ಒಂದು ಒಳ್ಳೆಯ ಕೆಲಸ ಕ್ಷಾರಸೂತ್ರದ್ದು. ಅರಿಶಿನ ಮತ್ತು ಕಳ್ಳಿ ಹಾಲು ಹಚ್ಚಿದ ದಾರ ಕಟ್ಟುವ ವಿಧಾನವನ್ನು 11ನೇ ಶತಮಾನದ ಚಕ್ರಪಾಣಿದತ್ತ ಬರೆದಿಟ್ಟಿದ್ದ. 1960ರ ದಶಕದಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಪಿ. ಜೆ. ದೇಶಪಾಂಡೆ ಮತ್ತು ಅವರ ಸಂಗಡಿಗರು ಅದನ್ನು ಕ್ರಮಕ್ಕೆ ತಂದರು. ಲಿನನ್ ದಾರಕ್ಕೆ 21 ಲೇಪ: 11 ಸಲ ಎಲೆಗಳ್ಳಿಯ ಹಾಲು, 7 ಸಲ ಹಾಲಿನ ಜೊತೆ ಉತ್ತರಾಣಿ ಗಿಡದ ಕ್ಷಾರ, 3 ಸಲ ಹಾಲಿನ ಜೊತೆ ಅರಿಶಿನ. ನಮ್ಮ ಬೇಲಿಯ ಕಳ್ಳಿ, ಪಂಚೆಗೆ ಅಂಟಿಕೊಳ್ಳುವ ಉತ್ತರಾಣಿ, ಅಡುಗೆ ಮನೆಯ ಅರಿಶಿನ! ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಇದನ್ನು ಹಲವು ಆಸ್ಪತ್ರೆಗಳಲ್ಲಿ ಆಪರೇಷನ್ನಿನ ಜೊತೆ ಹೋಲಿಸಿ ನೋಡಿ 1991ರಲ್ಲಿ ಫಲಿತಾಂಶ ಪ್ರಕಟಿಸಿತು. ದಾರ ಕಟ್ಟಿದವರಿಗೆ ಗಾಯ ಮಾಯಲು ಹೆಚ್ಚು ದಿನ ಹಿಡಿಯಿತು, ಸುಮಾರು ಎಂಟು ವಾರ; ಆಪರೇಷನ್ ಆದವರಿಗೆ ನಾಲ್ಕು. ಆದರೆ ಒಂದು ವರ್ಷದೊಳಗೆ ರೋಗ ಮರುಕಳಿಸಿದ್ದು ದಾರದವರಲ್ಲಿ 4%, ಆಪರೇಷನ್ನಿನವರಲ್ಲಿ 11%.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಆ ಪರೀಕ್ಷೆ ನಡೆದದ್ದು ಭಗಂದರಕ್ಕೆ, ಮೂಲವ್ಯಾಧಿಗಲ್ಲ. ಭಗಂದರ ಅಂದರೆ ಗುದದ ಪಕ್ಕ ಕೀವು ಕಟ್ಟಿ ಆಗುವ ಸುರಂಗದಂಥ ಗಾಯ. ಫಿಶರ್ ಅಂದರೆ ಗಟ್ಟಿ ಮಲದಿಂದ ಆಗುವ ಸೀಳು. ಮೂಲವ್ಯಾಧಿ ಮೂರನೆಯದು. ಗೋಡೆ ಮೇಲೆ ಮೂರನ್ನೂ ಒಂದೇ ಸಾಲಿನಲ್ಲಿ ಬರೆದು ಒಂದೇ ಮದ್ದು ಎನ್ನುತ್ತಾರೆ, ಜನರೂ ಮೂರಕ್ಕೂ 'ಮೂಲವ್ಯಾಧಿ' ಅಂತಲೇ ಹೇಳುತ್ತಾರೆ. ಕಾಜು ಸಿಗಿದ ಹಾಗೆ ಉರಿದು, ಮಲ ಹೋದ ಮೇಲೂ ಗಂಟೆಗಟ್ಟಲೆ ನೋಯುತ್ತಿದ್ದರೆ ಅದು ಬಹುಪಾಲು ಫಿಶರ್. ಒಳಗಿನ ಮೂಲವ್ಯಾಧಿಗೆ ಸಾಮಾನ್ಯವಾಗಿ ನೋವೇ ಇರುವುದಿಲ್ಲ, ರಕ್ತ ಮಾತ್ರ ತೊಟ್ಟಿಕ್ಕುತ್ತದೆ.

ನೋವು ಯಾಕಿಲ್ಲ? ಗುದದ ಒಳಗೆ ಒಂದು ಗೆರೆ ಇದೆ, ಅದರ ಮೇಲಿನ ಭಾಗಕ್ಕೆ ಚುಚ್ಚಿದರೂ ಗೊತ್ತಾಗುವುದಿಲ್ಲ, ಕೆಳಗಿನ ಭಾಗ ನಮ್ಮ ಚರ್ಮದಷ್ಟೇ ಸೂಕ್ಷ್ಮ. ಈ ತಿಳಿವಳಿಕೆ ಮೇಲೆ ನಿಂತದ್ದೇ ರಬ್ಬರ್ ಬ್ಯಾಂಡ್ ಚಿಕಿತ್ಸೆ. 1963ರಲ್ಲಿ ಅಮೆರಿಕದ ಡೆಟ್ರಾಯಿಟಿನ ಬ್ಯಾರನ್ ಎಂಬ ಸರ್ಜನ್ ಇದನ್ನು ಪ್ರಕಟಿಸಿದರು. ಗೆರೆಯ ಮೇಲಿರುವ ಮೊಳೆಯ ಬುಡಕ್ಕೆ ಪುಟ್ಟ ರಬ್ಬರ್ ಉಂಗುರ ಹಾಕಿಬಿಟ್ಟರೆ ರಕ್ತ ನಿಂತು, ಸುಮಾರು ಒಂದು ವಾರದಲ್ಲಿ ಒಣಗಿ ಉದುರಿಹೋಗುತ್ತದೆ. ಕರುವಿನ ಒಣಗಿದ ಹೊಕ್ಕುಳು ಉದುರಿದ ಹಾಗೆ ಅಂದುಕೊಳ್ಳಿ. ಮತ್ತು ಬರಿಸುವುದು ಬೇಡ, ಅದೇ ದಿನ ಮನೆಗೆ. ಉದುರುವಾಗ ಒಂದಿಷ್ಟು ರಕ್ತ ಕಂಡರೆ ಹೆದರಬೇಕಿಲ್ಲ. ಆದರೆ ಜ್ವರ ಬಂದರೆ, ಮೂತ್ರ ಕಟ್ಟಿದರೆ, ನೋವು ಏರುತ್ತಲೇ ಹೋದರೆ ರಾತ್ರಿಯಾದರೂ ಆಸ್ಪತ್ರೆಗೆ ಓಡಬೇಕು.

1975ರಲ್ಲಿ ಥಾಮ್ಸನ್ ಎಂಬ ಇಂಗ್ಲೆಂಡಿನ ಸರ್ಜನ್ ಇನ್ನೊಂದು ಮಾತು ಹೇಳಿದರು. ಈ ಮೊಳೆಗಳು ಎಲ್ಲಿಂದಲೋ ಬಂದ ಕೆಟ್ಟ ಬೆಳವಣಿಗೆ ಅಲ್ಲ. ಹುಟ್ಟಿದ ಪ್ರತಿಯೊಬ್ಬರಿಗೂ ಅಲ್ಲಿ ರಕ್ತನಾಳ ತುಂಬಿದ ಮೆತ್ತೆಗಳಿವೆ. ಬಾಟಲಿಯ ಮುಚ್ಚಳದೊಳಗಿನ ವಾಷರ್ ಹಾಗೆ, ಗಾಳಿ ನೀರು ಸೋರದಂತೆ ಮುಚ್ಚಿಕೊಳ್ಳುವುದು ಅವುಗಳ ಕೆಲಸ. ವರ್ಷಗಟ್ಟಲೆ ಮುಕ್ಕಿ ಮುಕ್ಕಿ ಅವುಗಳ ಹಿಡಿತ ಸಡಿಲವಾಗಿ ಜಾರಿದಾಗ ಅದನ್ನೇ ನಾವು ಮೂಲವ್ಯಾಧಿ ಅನ್ನುತ್ತೇವೆ. ಹಾಗಾಗಿ ಇದು ಯಾರ ಪಾಪದ ಫಲವೂ ಅಲ್ಲ, ಗುಪ್ತರೋಗವೂ ಅಲ್ಲ. ಬಸುರಿನಲ್ಲಿ ಹೊಟ್ಟೆಯ ಭಾರಕ್ಕೆ ಎಷ್ಟೋ ಹೆಂಗಸರಿಗೆ ಬರುತ್ತದೆ. ಅವರೋ ಗಂಡಸರಿಗಿಂತ ಹೆಚ್ಚು ಮುಚ್ಚಿಡುತ್ತಾರೆ. ಕಕ್ಕಸು ಇಲ್ಲದ ಮನೆಯಲ್ಲಿ ಕತ್ತಲಾಗುವ ತನಕ ತಡೆದುಕೊಂಡು, ಹೊರಗೆ ಹೋಗಬೇಕಾದೀತೆಂದು ನೀರನ್ನೂ ಕಡಿಮೆ ಕುಡಿದು ಬದುಕಿದವರ ಮಲ ಗಟ್ಟಿಯಾಗದೆ ಇನ್ನೇನಾಗುತ್ತದೆ?

ಊಟದ ವಿಷಯಕ್ಕೆ ಡೆನಿಸ್ ಬರ್ಕಿಟ್ ಎಂಬ ಐರಿಷ್ ಸರ್ಜನ್ನರ ಹೆಸರು ಹೇಳಲೇಬೇಕು. ಉಗಾಂಡದಲ್ಲಿ ಬಹಳ ವರ್ಷ ಕೆಲಸ ಮಾಡಿದವರು. ಹಳ್ಳಿಯ ಆಫ್ರಿಕನ್ನರ ಮಲವನ್ನೂ ಇಂಗ್ಲಿಷರ ಮಲವನ್ನೂ ತೂಗಿ ನೋಡಿದ ಪುಣ್ಯಾತ್ಮ! ನಾರು ತಿನ್ನುವವರ ಮಲ ತೂಕ ಹೆಚ್ಚು, ಮೆತ್ತಗೆ, ಬೇಗ ಹೊರಗೆ ಹೋಗುತ್ತದೆ ಎಂದು 1972ರಲ್ಲಿ ಬರೆದರು. ಅವರ ಎಲ್ಲ ವಾದಗಳೂ ಆಮೇಲೆ ನಿಲ್ಲಲಿಲ್ಲ. ಆದರೆ ನಾರಿನ ಮಾತು ನಿಂತಿತು. ಏಳು ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2005ರ ಪರಿಶೀಲನೆಯಲ್ಲಿ, ನಾರಿನಂಶ ಹೆಚ್ಚಿಸಿದ ಮೂಲವ್ಯಾಧಿ ರೋಗಿಗಳಲ್ಲಿ ರಕ್ತ ಹೋಗುವುದು ಸುಮಾರು ಅರ್ಧದಷ್ಟು ಕಡಿಮೆಯಾಗಿತ್ತು.

ನಮ್ಮ ತಟ್ಟೆ ನೋಡೋಣ. 100 ಗ್ರಾಂ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ, ಜೋಳದಲ್ಲಿ 10, ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಅಜ್ಜಂದಿರ ಕಾಲದಲ್ಲಿ ಅನ್ನ ಹಬ್ಬದ ಊಟ, ಈಗ ಮುದ್ದೆ ಹಬ್ಬದ ಊಟ ಆಗುತ್ತಿದೆ. ಅಕ್ಕಿ ಸೊಸೈಟಿಯಲ್ಲಿ ಸಿಗುತ್ತದೆ, ರಾಗಿ ಬೀಸಿಸಬೇಕು, ಯಾರನ್ನು ದೂರೋಣ. ಸೊಪ್ಪಿನ ಸಾರು, ಹುರುಳಿಕಾಳು, ಸಿಪ್ಪೆ ಸಮೇತ ಹಣ್ಣು, ಜೊತೆಗೆ ನೀರು. ನಾರು ಹೆಚ್ಚಿಸಿ ನೀರು ಕುಡಿಯದಿದ್ದರೆ ಮತ್ತೂ ಕಟ್ಟಿಕೊಳ್ಳುತ್ತದೆ. ಅವಸರ ಬಂದಾಗ ತಡೆಯಬೇಡಿ, ಬಾರದಾಗ ಕೂತು ಮುಕ್ಕಬೇಡಿ. ಈ ಬರಹವನ್ನು ಕಕ್ಕಸಿನಲ್ಲಿ ಕೂತು ಓದುತ್ತಿದ್ದರೆ ದಯವಿಟ್ಟು ಎದ್ದು ಬಂದು ಓದಿ.

ಆಪರೇಷನ್ ಆದವರಿಗೆ ಸುಶ್ರುತ ಹೇಳಿದ ಬಿಸಿನೀರೇ ಈಗಲೂ ದೊಡ್ಡ ಆಸರೆ. ಅಗಲ ಬೇಸಿನ್ನಿನಲ್ಲಿ ಮೈ ತಾಳುವಷ್ಟು ಬೆಚ್ಚಗಿನ ನೀರು, ದಿನಕ್ಕೆ ಎರಡು ಮೂರು ಸಲ, ಹತ್ತು ಹದಿನೈದು ನಿಮಿಷ. ಮೊದಲ ಸಲ ಸಂಡಾಸಕ್ಕೆ ಹೋಗುವಾಗ ಹೆದರಿಕೆಯಾಗುತ್ತದೆ, ನೋವೂ ಇರುತ್ತದೆ. ಆ ಹೆದರಿಕೆಗೆ ಊಟ ಬಿಡುತ್ತಾರೆ, ಅದು ತಪ್ಪು. ಡಾಕ್ಟರು ಕೊಟ್ಟ ಮಲ ಸಡಿಲ ಮಾಡುವ ಔಷಧಿ, ಇಸಬ್‌ಗೋಲ್ ಬಿಡದೆ ತೆಗೆದುಕೊಳ್ಳಬೇಕು. ಮೂಟೆ ಹೊರುವ ಕೆಲಸಕ್ಕೆ ಕೆಲವು ವಾರ ರಜೆ.

ಇನ್ನು ದೊಡ್ಡಪ್ಪ. ಹುಣ್ಣಾಗಿ ಹನ್ನೆರಡನೇ ದಿನಕ್ಕೆ ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋದೆವು. ಚಿಕ್ಕ ವಯಸ್ಸಿನ ಡಾಕ್ಟರಮ್ಮ. ದೊಡ್ಡಪ್ಪ ತಲೆ ಎತ್ತಲಿಲ್ಲ. ಆಕೆ ಕಾಗದದ ಮೇಲಿಂದ ಕಣ್ಣೆತ್ತದೆ ಕೇಳಿದ್ದು ಒಂದೇ: 'ರಕ್ತ ಎಷ್ಟು ದಿನದಿಂದ ಯಜಮಾನ್ರೇ?' ಎರಡು ವರ್ಷ ಅಂದಾಗ ಮಾತ್ರ ಪೆನ್ನು ಕೆಳಗಿಟ್ಟರು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 6 ಇತ್ತು. ಎರಡು ಬಾಟಲಿ ರಕ್ತ ಹಾಕಿದರು. ಕೊಳವೆ ಬಿಟ್ಟು ದೊಡ್ಡ ಕರುಳನ್ನೂ ನೋಡಿದರು, ಯಾಕೆಂದರೆ ಕರುಳಿನ ಕ್ಯಾನ್ಸರ್‌ನಲ್ಲೂ ರಕ್ತವೇ ಹೋಗುತ್ತದೆ, ಜನ ಅದನ್ನೂ ಮೂಲವ್ಯಾಧಿ ಅಂದುಕೊಂಡು ವರ್ಷ ಕಳೆದುಬಿಡುತ್ತಾರೆ. ರಕ್ತ ಕಪ್ಪಗಿದ್ದರೆ, ಮಲದೊಳಗೆ ಬೆರೆತಿದ್ದರೆ, ತೂಕ ಇಳಿಯುತ್ತಿದ್ದರೆ, ಹೋಗುವ ಅಭ್ಯಾಸವೇ ಬದಲಾಗಿದ್ದರೆ, ವಯಸ್ಸು 45 ದಾಟಿದ್ದರೆ ಈ ಪರೀಕ್ಷೆಗೆ ಹಿಂದೆಮುಂದೆ ನೋಡಬಾರದು ಎಂದು ಆಕೆ ನಮಗೆಲ್ಲ ಹೇಳಿದರು. ದೊಡ್ಡಪ್ಪನಿಗೆ ಅದು ಇರಲಿಲ್ಲ. ಹುಣ್ಣು ಮಾಯಲು ಎರಡು ತಿಂಗಳು, ಆಮೇಲೆ ಆಪರೇಷನ್, ಆಮೇಲೆ ಬೇಸಿನ್ನಿನಲ್ಲಿ ಬಿಸಿನೀರು. ದೊಡ್ಡಮ್ಮ ಆ ಬೇಸಿನ್ನನ್ನು ಈಗಲೂ ಬೇರೆ ಕೆಲಸಕ್ಕೆ ಬಳಸುವುದಿಲ್ಲ.

ಹೋದ ತಿಂಗಳು ಊರಿಗೆ ಹೋಗಿದ್ದೆ. ದೊಡ್ಡಪ್ಪ ಅರಳಿಕಟ್ಟೆ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಕೆಳಗಿನ ಕೇರಿಯ ಹುಡುಗನೊಬ್ಬ, ಟಿಲ್ಲರ್ ಓಡಿಸುವವನು, ಹತ್ತಿರ ಬಂದು ಕಿವಿಯಲ್ಲಿ ಏನೋ ಹೇಳಿದ. ದೊಡ್ಡಪ್ಪ ಕಟ್ಟೆಯವರಿಗೆಲ್ಲ ಕೇಳುವ ಹಾಗೆ, 'ರಕ್ತ ಎಷ್ಟು ದಿನದಿಂದ್ಲೋ?' ಅಂದರು. ಹುಡುಗನ ಮುಖ ಕೆಂಪಾಯಿತು. 'ಮೂರು ತಿಂಗಳಾಯ್ತು ಗೌಡ್ರೇ' ಅಂದ. ಮಾರನೇ ದಿನ ಬೆಳಗಿನ ಆರೂವರೆ ಬಸ್ಸಿಗೆ ಇಬ್ಬರೂ ಹೊರಟರು. ಕಿಟಕಿ ಪಕ್ಕದ ಸೀಟು ದೊಡ್ಡಪ್ಪನೇ ಹಿಡಿದರು.